ಹಿರಿಯ ಪ್ರಾಥಮಿಕ ಮತ್ತು ಪ್ರೌಢಶಾಲಾ ಶಿಕ್ಷಕರ ವೃತ್ತಿ ಬೆಳವಣಿಗೆ: ಒಂದು ಶೈಕ್ಷಣಿಕ ವರ್ಷದ ಸಮಗ್ರ ಮಾರ್ಗದರ್ಶಿ

ಕೆಲವು ವರ್ಷಗಳ ಹಿಂದೆ ಗದಗ-ಹುಬ್ಬಳ್ಳಿ ಬಸ್ಸಿನಲ್ಲಿ ಕುಳಿತು ನಾನು ಒಂದು ಆನ್‌ಲೈನ್ ಕೋರ್ಸನ್ನು ಮುಗಿಸಿದ್ದೆ. ಅಣ್ಣಿಗೇರಿ ದಾಟುವಷ್ಟರಲ್ಲಿ ಎರಡು ವಿಡಿಯೊಗಳು ಓಡಿದ್ದವು. ಹುಬ್ಬಳ್ಳಿಯಲ್ಲಿ ಇಳಿಯುವ ಮೊದಲೇ ಕೊನೆಯ ರಸಪ್ರಶ್ನೆ ಮುಗಿದು ಪ್ರಮಾಣಪತ್ರ ಮೊಬೈಲಿಗೆ ಬಂದಿತ್ತು. ಮರುದಿನ ಎಂಟನೆಯ ತರಗತಿಯಲ್ಲಿ ಗಣಿತದ ಪಾಠಕ್ಕೆ ನಿಂತಾಗ ಆ ಕೋರ್ಸಿನ ಒಂದು ಮಾತೂ ನೆರವಿಗೆ ಬರಲಿಲ್ಲ. ಕೋರ್ಸು ಕೆಟ್ಟದ್ದಾಗಿರಲಿಲ್ಲ. ಅದಕ್ಕೆ ಕೇಳಬೇಕಾದ ಪ್ರಶ್ನೆಯೇ ನನ್ನ ಬಳಿ ಇರಲಿಲ್ಲ.

ಈ ಮಾರ್ಗದರ್ಶಿ ಆ ಪ್ರಶ್ನೆಯಿಂದಲೇ ಆರಂಭವಾಗುತ್ತದೆ. ತರಬೇತಿ, ಸಹೋದ್ಯೋಗಿ, ಓದು, ಮೊಬೈಲ್, ಕಡತ ಎಲ್ಲವನ್ನೂ ನಿಮ್ಮ ತರಗತಿಯಿಂದಲೇ ಹುಟ್ಟಿದ ಒಂದೇ ಪ್ರಶ್ನೆಯ ಸುತ್ತ ಒಂದು ವರ್ಷ ಕಟ್ಟಿಕೊಳ್ಳುವುದು ಹೇಗೆ ಎಂಬುದನ್ನು ಇಲ್ಲಿ ಹಂತಹಂತವಾಗಿ ಬರೆದಿದ್ದೇನೆ. ಉದಾಹರಣೆಗಳು ಹೆಚ್ಚಾಗಿ ಗಣಿತದವು, ಏಕೆಂದರೆ ನಾನು ಕಲಿಸುವ ವಿಷಯ ಅದು. ಆದರೆ ಆರರಿಂದ ಹತ್ತನೆಯ ತರಗತಿಯವರೆಗೆ ಯಾವ ವಿಷಯವನ್ನು ಕಲಿಸುವವರಿಗಾದರೂ ಹಂತಗಳು ಇವೇ.

ಮೊದಲು ಸಮಯದ ಲೆಕ್ಕ

ಪ್ರತಿಯೊಬ್ಬ ಶಿಕ್ಷಕರು ವರ್ಷಕ್ಕೆ ಕನಿಷ್ಠ 50 ಗಂಟೆಗಳನ್ನು ತಮ್ಮ ನಿರಂತರ ವೃತ್ತಿ ಬೆಳವಣಿಗೆಗೆ ಕೊಡಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳುತ್ತದೆ. ಆ ನೀತಿಯ ಉಳಿದ ಅಂಶಗಳ ಬಗ್ಗೆ ನಮ್ಮ ರಾಜ್ಯದಲ್ಲಿ ಬೇರೆ ಬೇರೆ ನಿಲುವುಗಳಿದ್ದರೂ 50 ಗಂಟೆಗಳೆಂಬುದು ಒಳ್ಳೆಯ ಅಳತೆಗೋಲು. ಹತ್ತು ತಿಂಗಳ ಶಾಲಾ ವರ್ಷಕ್ಕೆ ಹಂಚಿದರೆ ತಿಂಗಳಿಗೆ ಐದು ಗಂಟೆ, ವಾರಕ್ಕೆ ಒಂದು ಗಂಟೆಗಿಂತ ಸ್ವಲ್ಪ ಹೆಚ್ಚು ಬರುತ್ತದೆ. ಐದು ದಿನಗಳ ಒಂದು ಮುಖಾಮುಖಿ ತರಬೇತಿಗೆ ನಿಯೋಜನೆ ಬಂದರೆ ಅದೊಂದರಲ್ಲೇ ಮೂವತ್ತು ಗಂಟೆಗಳ ಹತ್ತಿರ ಕಳೆಯುತ್ತದೆ. ಉಳಿದ ಇಪ್ಪತ್ತು ಗಂಟೆಗಳೇ ನಿಜವಾಗಿ ನಿಮ್ಮ ಕೈಯಲ್ಲಿರುವ ಸಮಯ. ಅದನ್ನು ವಾರದ ವೇಳಾಪಟ್ಟಿಯಲ್ಲಿ ಒಂದು ಬಿಡುವಿನ ಪಿರಿಯಡ್ ಎಂದು ಗುರುತು ಮಾಡಿಕೊಳ್ಳದಿದ್ದರೆ ಬಿಸಿಯೂಟದ ಲೆಕ್ಕ, ಎಸ್‌ಎಟಿಎಸ್ (ಮಕ್ಕಳ ಮಾಹಿತಿ ತುಂಬುವ ಇಲಾಖೆಯ ಆನ್‌ಲೈನ್ ವ್ಯವಸ್ಥೆ) ನಮೂದು, ವಿದ್ಯಾರ್ಥಿವೇತನದ ಅರ್ಜಿಗಳು ಅದನ್ನು ನುಂಗಿಬಿಡುತ್ತವೆ. ನಾನು ಗುರುವಾರದ ನಾಲ್ಕನೆಯ ಪಿರಿಯಡ್ಡನ್ನು ಇಟ್ಟುಕೊಂಡಿದ್ದೇನೆ. ಮುಖ್ಯೋಪಾಧ್ಯಾಯರಿಗೆ ಜೂನ್ ತಿಂಗಳಲ್ಲೇ ಹೇಳಿಟ್ಟರೆ ಆ ಪಿರಿಯಡ್ಡಿನಲ್ಲಿ ಬೇರೆಯವರ ತರಗತಿಗೆ ಹೋಗುವ ಹೊಣೆ ಕಡಿಮೆ ಬೀಳುತ್ತದೆ. ಪೂರ್ತಿ ತಪ್ಪುವುದಿಲ್ಲ.

ಪ್ರಶ್ನೆಯನ್ನು ಹುಡುಕುವ ಬಗೆ

ಹಿಂದಿನ ತರಗತಿಯ ಕಲಿಕೆಯನ್ನು ಹೊಸ ತರಗತಿಗೆ ಜೋಡಿಸುವ ಸೇತುಬಂಧ ಕಾರ್ಯಕ್ರಮದ ಆರಂಭದಲ್ಲಿ, ಜೂನ್ ತಿಂಗಳಲ್ಲಿ, ನಡೆಸುವ ಪೂರ್ವ ಪರೀಕ್ಷೆಯ ಉತ್ತರ ಪತ್ರಿಕೆಗಳು ಪ್ರಶ್ನೆ ಹುಡುಕಲು ಬಹಳ ಒಳ್ಳೆಯ ಜಾಗ. ನಮ್ಮಲ್ಲಿ ಹೆಚ್ಚಿನವರು ಅಂಕ ಹಾಕಿ, ಕ್ರೋಢೀಕರಣ ತಖ್ತೆ ತುಂಬಿ, ಪತ್ರಿಕೆಗಳನ್ನು ಕಟ್ಟಿಡುತ್ತೇವೆ. ಹಾಗೆ ಮಾಡದೆ ಒಂದು ಸಂಜೆ ಅಂಕಗಳನ್ನು ಬದಿಗಿಟ್ಟು ತಪ್ಪು ಉತ್ತರಗಳನ್ನು ಮಾತ್ರ ಓದಿರಿ. ಒಂದೇ ತಪ್ಪು ಐದಾರು ಮಕ್ಕಳ ಪತ್ರಿಕೆಗಳಲ್ಲಿ ಕಂಡರೆ ಅದರ ಹಿಂದೆ ಒಂದು ಯೋಚನೆ ಇದೆ ಎಂದು ತಿಳಿಯಬೇಕು. ಮಗು ಅಜಾಗರೂಕತೆಯಿಂದ ಬರೆದದ್ದು ಹಾಗೆ ಪುನರಾವರ್ತನೆ ಆಗುವುದಿಲ್ಲ.

ಒಂದು ವರ್ಷ ಎಂಟನೆಯ ತರಗತಿಯಲ್ಲಿ ನಾನು ಕೇಳಿದ ಪ್ರಶ್ನೆ ಹೀಗಿತ್ತು: 0.7, 0.35, 0.125 ಇವುಗಳಲ್ಲಿ ಅತಿ ದೊಡ್ಡ ಸಂಖ್ಯೆ ಯಾವುದು? ಕೆಲವರು 0.125 ಎಂದು ಬರೆದಿದ್ದರು. ದಶಮಾಂಶ ಬಿಂದುವಿನ ಮುಂದಿರುವುದನ್ನು ಪೂರ್ಣ ಸಂಖ್ಯೆಯಂತೆ ಓದಿದರೆ ನೂರಿಪ್ಪತ್ತೈದು ದೊಡ್ಡದೇ. ಆ ತಪ್ಪು ನನಗೆ ಸುಲಭವಾಗಿ ಕಂಡಿತು. ಕಾಣದೇ ಹೋದದ್ದು ಇನ್ನೊಂದು. ಸರಿ ಉತ್ತರ ಬರೆದವರಿಗೆ ಮರುದಿನ 0.4 ಮತ್ತು 0.83ರಲ್ಲಿ ದೊಡ್ಡದು ಯಾವುದೆಂದು ಕೇಳಿದಾಗ ಅವರಲ್ಲೇ ಕೆಲವರು 0.4 ಎಂದರು. ಹತ್ತನೆಯ ಭಾಗ ನೂರನೆಯ ಭಾಗಕ್ಕಿಂತ ದೊಡ್ಡದಾದ್ದರಿಂದ ಬಿಂದುವಿನ ಮುಂದೆ ಕಡಿಮೆ ಅಂಕಿಗಳಿರುವ ಸಂಖ್ಯೆಯೇ ಯಾವಾಗಲೂ ದೊಡ್ಡದು ಎಂದು ಅವರು ಸ್ವಂತವಾಗಿ ಒಂದು ನಿಯಮ ಮಾಡಿಕೊಂಡಿದ್ದರು. ಹಿಂದಿನ ದಿನ ಆ ತಪ್ಪು ನಿಯಮಕ್ಕೇ ನಾನು ಪೂರ್ಣ ಅಂಕ ಕೊಟ್ಟಿದ್ದೆ.

ಆ ವರ್ಷದ ನನ್ನ ಪ್ರಶ್ನೆ ಅಲ್ಲಿಯೇ ಹುಟ್ಟಿತು: ‘ಎಂಟನೆಯ ತರಗತಿಯ ಮಕ್ಕಳು ದಶಮಾಂಶ ಸಂಖ್ಯೆಗಳನ್ನು ಹೋಲಿಸುವಾಗ ಯಾವ ನಿಯಮ ಬಳಸುತ್ತಾರೆ, ಆ ನಿಯಮ ಎಲ್ಲಿಂದ ಬಂತು, ಅದನ್ನು ನಾನು ಹೇಗೆ ಬದಲಿಸಬಹುದು?’ ನಿಮ್ಮ ಪ್ರಶ್ನೆಯೂ ಇಷ್ಟೇ ಕಿರಿದಾಗಿರಲಿ. ‘ಗುಣಮಟ್ಟದ ಶಿಕ್ಷಣ ನೀಡುವುದು ಹೇಗೆ’ ಎಂಬುದು ಸಭೆಯ ವಿಷಯವಾಗಬಹುದೇ ಹೊರತು ಗುರುವಾರದ ನಾಲ್ಕನೆಯ ಪಿರಿಯಡ್ಡಿನ ಕೆಲಸವಾಗುವುದಿಲ್ಲ. ಕನ್ನಡದ ಶಿಕ್ಷಕರಿಗೆ ‘ಏಳನೆಯ ತರಗತಿಯ ಮಕ್ಕಳು ಸ್ವಂತ ವಾಕ್ಯದಲ್ಲಿ ಸಾರಾಂಶ ಬರೆಯದೆ ಪಾಠದ ಮೊದಲ ವಾಕ್ಯವನ್ನೇ ಏಕೆ ನಕಲು ಮಾಡುತ್ತಾರೆ’ ಎಂಬುದು, ವಿಜ್ಞಾನದವರಿಗೆ ‘ತೂಕ ಮತ್ತು ದ್ರವ್ಯರಾಶಿಯನ್ನು ಒಂದೇ ಎಂದು ಹತ್ತನೆಯ ತರಗತಿಯವರೆಗೂ ಏಕೆ ಹೊತ್ತುಕೊಂಡು ಬರುತ್ತಾರೆ’ ಎಂಬುದು ಸಾಕಷ್ಟು ದೊಡ್ಡ ಪ್ರಶ್ನೆಗಳು.

ಸಹೋದ್ಯೋಗಿಯನ್ನು ತರಗತಿಗೆ ಕರೆಯುವುದು

ಇಡೀ ಮಾರ್ಗದರ್ಶಿಯಲ್ಲಿ ಕಷ್ಟದ ಹಂತ ಇದು. ಫಲವೂ ಇಲ್ಲಿಯೇ ಹೆಚ್ಚು. ನಮ್ಮ ಶಾಲೆಗಳಲ್ಲಿ ತರಗತಿಯ ಹಿಂದಿನ ಬೆಂಚಿನಲ್ಲಿ ಯಾರಾದರೂ ಕುಳಿತರೆ ಅದು ತಪಾಸಣೆ ಎಂದೇ ಅರ್ಥ. ಕ್ಷೇತ್ರ ಶಿಕ್ಷಣಾಧಿಕಾರಿ ಬಂದರು, ವಿಷಯ ಪರಿವೀಕ್ಷಕರು ಬಂದರು, ಪಾಠ ಟಿಪ್ಪಣಿ ತೋರಿಸಿ ಎಂದರು. ಆ ಅಂಜಿಕೆಯನ್ನು ಕಳೆಯಬೇಕಾದರೆ ಮೂರು ಮಾತುಗಳನ್ನು ಮೊದಲೇ ಒಪ್ಪಿಕೊಳ್ಳಬೇಕು. ಏನನ್ನು ನೋಡಬೇಕೆಂಬುದನ್ನು ಪಾಠ ಮಾಡುವವರೇ ಹೇಳಬೇಕು. ನೋಡುವವರು ಕೇಳಿದ್ದನ್ನು ಮತ್ತು ಕಂಡದ್ದನ್ನು ಮಾತ್ರ ಬರೆಯಬೇಕು. ಚೆನ್ನಾಗಿತ್ತು, ಸುಧಾರಿಸಬೇಕು ಎಂಬ ತೀರ್ಪು ಬೇಡ. ಬರೆದ ಹಾಳೆಯನ್ನು ಪಾಠ ಮಾಡಿದವರಿಗೇ ಕೊಟ್ಟುಬಿಡಬೇಕು. ಅದು ಮುಖ್ಯೋಪಾಧ್ಯಾಯರ ಮೇಜಿಗೆ ಹೋಗಬಾರದು.

ನನ್ನ ತರಗತಿಗೆ ಬಂದವರು ಕನ್ನಡ ಕಲಿಸುವ ಅಕ್ಕಾವರು. ಗಣಿತದವರನ್ನೇ ಕರೆಯಬೇಕಿತ್ತು ಎಂದು ಮೊದಲು ನನಗೂ ಅನಿಸಿತ್ತು. ಅವರು ಹಾಳೆಯ ಒಂದು ಬದಿಗೆ ಗಡಿಯಾರದ ಸಮಯವನ್ನು, ಇನ್ನೊಂದು ಬದಿಗೆ ಮಾತನ್ನು ಬರೆದುಕೊಂಡಿದ್ದರು. ಅದರ ಎರಡು ಸಾಲು ಹೀಗಿದ್ದವು:

‘11.42. ಸರ್: ಪಾಯಿಂಟ್ ಮೂವತ್ತೈದು ದೊಡ್ಡದೋ, ಪಾಯಿಂಟ್ ಏಳು ದೊಡ್ಡದೋ? ಮೂರನೆಯ ಸಾಲಿನ ಹುಡುಗಿ: ಏಳಕ್ಕಿಂತ ಮೂವತ್ತೈದು ದೊಡ್ಡದಲ್ರೀ ಸರ. ಸರ್ (ತಕ್ಷಣ): ಅಲ್ಲ, ಕುಂದ್ರು. ಯಾರು ಹೇಳ್ತೀರಿ?’

ಮಕ್ಕಳ ತಪ್ಪು ನಿಯಮ ಎಲ್ಲಿಂದ ಬಂತೆಂದು ನಾನು ಒಂದು ತಿಂಗಳು ಹುಡುಕಿದ್ದೆ. ಅದು ನನ್ನ ಬಾಯಿಂದಲೇ ಬರುತ್ತಿತ್ತು. ‘ಸೊನ್ನೆ ಬಿಂದು ಮೂರು ಐದು’ ಎಂದು ಓದಬೇಕಾದುದನ್ನು ಪೇಟೆಯಲ್ಲಿ ರೂಪಾಯಿ-ಪೈಸೆ ಓದುವಂತೆ ‘ಪಾಯಿಂಟ್ ಮೂವತ್ತೈದು’ ಎಂದು ವರ್ಷಗಟ್ಟಲೆ ಓದಿದವನು ನಾನು. ಆ ಓದಿನಲ್ಲಿ ಮೂವತ್ತೈದು ಏಳಕ್ಕಿಂತ ದೊಡ್ಡದೆಂದ ಹುಡುಗಿಯ ಉತ್ತರ ತರ್ಕಬದ್ಧವಾಗಿಯೇ ಇದೆ. ಗಣಿತದ ಶಿಕ್ಷಕರು ಯಾರಾದರೂ ಕುಳಿತಿದ್ದರೆ ಅವರ ಕಿವಿಗೂ ಅದು ಬೀಳುತ್ತಿರಲಿಲ್ಲವೇನೋ, ಏಕೆಂದರೆ ನಾವೆಲ್ಲ ಹಾಗೆಯೇ ಓದುತ್ತೇವೆ. ಬೇರೆ ವಿಷಯದವರನ್ನು ಕರೆಯುವುದರ ಲಾಭ ನನಗೆ ಅಂದು ತಿಳಿಯಿತು.

ಆ ಎರಡು ಸಾಲುಗಳಲ್ಲಿ ಇನ್ನೊಂದು ಸಂಗತಿಯೂ ಇತ್ತು: ಆ ‘ತಕ್ಷಣ’ ಎಂಬ ಪದ. ಶಿಕ್ಷಕರು ಪ್ರಶ್ನೆ ಕೇಳಿದ ಮೇಲೆ ಸರಾಸರಿ ಒಂದು ಸೆಕೆಂಡಿನಷ್ಟು ಮಾತ್ರ ಕಾಯುತ್ತಾರೆ ಎಂಬುದನ್ನು ಅಮೆರಿಕದ ವಿಜ್ಞಾನ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ ತರಗತಿಗಳ ಧ್ವನಿಮುದ್ರಣದಿಂದ ತೋರಿಸಿದರು. 1970ರ ದಶಕದಲ್ಲಿ ಪ್ರಕಟವಾದ ಅವರ ಕೆಲಸದ ಪ್ರಕಾರ ಆ ಕಾಯುವಿಕೆಯನ್ನು ಮೂರು ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಮಾಡಿದಾಗ ಮಕ್ಕಳ ಉತ್ತರಗಳು ಉದ್ದವಾಗುತ್ತವೆ, ಕೇಳದೆಯೇ ಉತ್ತರಿಸುವವರು ಹೆಚ್ಚುತ್ತಾರೆ, ಮೌನ ಮತ್ತು ‘ಗೊತ್ತಿಲ್ಲ’ ಕಡಿಮೆಯಾಗುತ್ತವೆ. ಪ್ರಶ್ನೆ ಕೇಳಿದ ಮೇಲೆ ಮಾತ್ರವಲ್ಲ, ಮಗು ಉತ್ತರಿಸಿದ ಮೇಲೂ ಕಾಯಬೇಕು ಎಂಬುದು ಅವರ ಮಾತಿನ ಮುಖ್ಯ ಭಾಗ. ಮನಸ್ಸಿನಲ್ಲಿ ಮೂರರವರೆಗೆ ಎಣಿಸಿ ನೋಡಿರಿ. ಮೊದಲ ವಾರ ಆ ಮೂರು ಸೆಕೆಂಡು ಮೂರು ನಿಮಿಷದಷ್ಟು ಉದ್ದವೆನಿಸುತ್ತದೆ.

ನಿಮ್ಮ ಶಾಲೆಯಲ್ಲಿ ಬರುವವರೇ ಇಲ್ಲವಾದರೆ ಮೊಬೈಲನ್ನು ಮೇಜಿನ ಮೇಲಿಟ್ಟು ನಿಮ್ಮ ಧ್ವನಿಯನ್ನು ಹದಿನೈದು ನಿಮಿಷ ಮುದ್ರಿಸಿಕೊಳ್ಳಿರಿ. ಮಕ್ಕಳ ಮುಖ ಬರುವಂತೆ ವಿಡಿಯೊ ಮಾಡುವುದು, ಅದನ್ನು ವಾಟ್ಸ್ಆ್ಯಪ್ ಗುಂಪಿಗೆ ಹಾಕುವುದು ಬೇಡ. ಕೇಳಿದ ಮೇಲೆ ಅಳಿಸಿಬಿಡಿರಿ.

ತರಬೇತಿಯನ್ನು ನಿಮ್ಮ ಪ್ರಶ್ನೆಗೆ ಬಗ್ಗಿಸುವುದು

ಪ್ರಶ್ನೆ ಕೈಯಲ್ಲಿದ್ದಾಗ ಅದೇ ಹಳೆಯ ತರಬೇತಿಗಳು ಬೇರೆಯಾಗಿ ಕಾಣುತ್ತವೆ. ಸರ್ಕಾರಿ ಮತ್ತು ಅನುದಾನಿತ ಶಾಲೆಗಳವರಿಗೆ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ, ಅಂದರೆ ಡಯಟ್, ಮುಖ್ಯ ಬಾಗಿಲು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ನಂತರ ಹುಟ್ಟಿದ ಈ ಸಂಸ್ಥೆಗಳು ಧಾರವಾಡ, ಗದಗ, ಹಾವೇರಿ ಮೂರೂ ಜಿಲ್ಲೆಗಳಿಗೆ ಇವೆ. ಧಾರವಾಡದ ಮಟ್ಟಿಗೆ ಶಿಕ್ಷಕರ ತರಬೇತಿ ಅದಕ್ಕಿಂತ ಬಹಳ ಹಳೆಯ ಮಾತು. ಹತ್ತೊಂಬತ್ತನೆಯ ಶತಮಾನದಲ್ಲಿ ಡೆಪ್ಯುಟಿ ಚನ್ನಬಸಪ್ಪನವರು ಇಲ್ಲಿನ ನಾರ್ಮಲ್ ಶಾಲೆಯನ್ನು ನಡೆಸಿ ಈ ಭಾಗದ ಕನ್ನಡ ಶಾಲೆಗಳಿಗೆ ಮಾಸ್ತರರನ್ನು ಸಿದ್ಧಗೊಳಿಸಿದ್ದರು. ಡಯಟ್ ಹೊರತರುವ ‘ಜೀವನ ಶಿಕ್ಷಣ’ ಮಾಸಪತ್ರಿಕೆಗೂ ದೀರ್ಘ ಚರಿತ್ರೆಯಿದೆ. ತರಗತಿಯ ಅನುಭವವನ್ನು ಕನ್ನಡದಲ್ಲಿ ಬರೆದು ಕಳಿಸಲು ಅದಕ್ಕಿಂತ ಹತ್ತಿರದ ಜಾಗ ನಮಗಿಲ್ಲ.

ತರಬೇತಿಗೆ ನಿಯೋಜನೆ ಬಂದಾಗ ಮೂರು ಕೆಲಸ ಮಾಡಿರಿ. ಹೋಗುವ ಹಿಂದಿನ ದಿನ ನಿಮ್ಮ ಪ್ರಶ್ನೆಯನ್ನೂ ಮಕ್ಕಳ ಮೂರು ತಪ್ಪು ಉತ್ತರಗಳನ್ನೂ ಒಂದು ಹಾಳೆಯಲ್ಲಿ ಬರೆದುಕೊಳ್ಳಿರಿ. ಮೊದಲ ದಿನದ ಚಹಾ ವಿರಾಮದಲ್ಲಿಯೇ ಸಂಪನ್ಮೂಲ ವ್ಯಕ್ತಿಗೆ ಆ ಹಾಳೆ ತೋರಿಸಿರಿ. ಕೊನೆಯ ದಿನ ಎಲ್ಲರಿಗೂ ಊರಿನ ಬಸ್ಸಿನ ಚಿಂತೆ ಇರುತ್ತದೆ. ಮರಳಿದ ಮೇಲೆ ಹತ್ತು ದಿನಗಳೊಳಗೆ, ಕಲಿತ ಒಂದೇ ಒಂದು ಅಂಶವನ್ನು ತರಗತಿಯಲ್ಲಿ ಮಾಡಿ ನೋಡಿರಿ. ಹತ್ತು ದಿನ ದಾಟಿದರೆ ತರಬೇತಿಯ ನೋಟ್‌ಪುಸ್ತಕ ಮತ್ತೆ ತೆರೆಯುವುದಿಲ್ಲ ಎಂಬುದು ನನ್ನ ಅನುಭವ. ಬಿಡುಗಡೆ ಆದೇಶ, ಹಾಜರಾತಿ ಪ್ರಮಾಣಪತ್ರ, ಒಒಡಿ (ಅನ್ಯ ಕರ್ತವ್ಯದ ಮೇಲೆ ಹೋದದ್ದರ) ನಮೂದುಗಳ ಪ್ರತಿಗಳನ್ನು ಅಂದಂದೇ ಇಟ್ಟುಕೊಳ್ಳಿರಿ. ಒಮ್ಮೆ ನನ್ನ ಐದು ದಿನಗಳ ಹಾಜರಾತಿ ಪತ್ರ ಕಚೇರಿಯೊಂದರಲ್ಲಿ ಕಳೆದುಹೋಗಿ, ಅದನ್ನು ಮತ್ತೆ ಪಡೆಯಲು ತರಬೇತಿಗಿಂತ ಹೆಚ್ಚು ದಿನ ತಿರುಗಿದ್ದೇನೆ.

ಆನ್‌ಲೈನ್ ಕೋರ್ಸುಗಳ ವಿಷಯ. 2017ರಲ್ಲಿ ಆರಂಭವಾದ ದೀಕ್ಷಾ ವೇದಿಕೆಯಲ್ಲಿ ಕನ್ನಡದ ಸಾಮಗ್ರಿ ಸಾಕಷ್ಟಿದೆ. 2019ರಲ್ಲಿ ಪ್ರಾಥಮಿಕ ಹಂತಕ್ಕೆಂದು ಶುರುವಾದ ನಿಷ್ಠಾ ತರಬೇತಿ ಆಮೇಲೆ ಪ್ರೌಢ ಹಂತಕ್ಕೂ ವಿಸ್ತರಿಸಿತು. ಅನುದಾನರಹಿತ ಶಾಲೆಗಳ ಶಿಕ್ಷಕರಿಗೆ ಇಲಾಖೆಯ ಮುಖಾಮುಖಿ ತರಬೇತಿಗಳು ಸಿಗುವುದು ಕಡಿಮೆಯಾದ್ದರಿಂದ ಅವರು ಇದನ್ನು ಹೆಚ್ಚು ಬಳಸಬೇಕು. ಒಂದು ಕೋರ್ಸು ತೆರೆಯುವ ಮೊದಲು ಅದರ ಪರಿವಿಡಿಯಲ್ಲಿ ನಿಮ್ಮ ಪ್ರಶ್ನೆಗೆ ತಾಗುವ ಘಟಕ ಯಾವುದೆಂದು ನೋಡಿ, ಅಲ್ಲಿ ನಿಧಾನವಾಗಿ ಓದಿರಿ. ಉಳಿದ ಘಟಕಗಳನ್ನು ಬಸ್ಸಿನ ವೇಗದಲ್ಲಿ ಮುಗಿಸಿದರೂ ನಾನು ದೂರುವುದಿಲ್ಲ. ಇಂಗ್ಲಿಷ್ ಕಲಿಸುವವರು ಬೆಂಗಳೂರಿನ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ 30 ದಿನಗಳ ತರಬೇತಿಗೆ ಅವಕಾಶ ಬಂದರೆ ಬಿಡಬಾರದು.

ಸ್ವಂತ ವಿಷಯಕ್ಕೆ ಮರಳುವುದು

ಬೋಧನಾ ವಿಧಾನದ ಮಾತಿನ ನಡುವೆ ನಾವು ಮರೆಯುವುದು ವಿಷಯಜ್ಞಾನವನ್ನು. ಎಸ್‌ಎಸ್‌ಎಲ್‌ಸಿಯ 80 ಅಂಕಗಳ ಒಂದು ಪ್ರಶ್ನೆಪತ್ರಿಕೆಯನ್ನು, ಮಕ್ಕಳಿಗೆ ಕೊಡುವಷ್ಟೇ ಸಮಯದಲ್ಲಿ, ಪುಸ್ತಕ ಮುಚ್ಚಿ ನೀವೇ ಬಿಡಿಸಿರಿ. ನಂತರ ಅದಕ್ಕೆ ಅಂಕ ಹಂಚಿಕೆಯ ಪಟ್ಟಿಯನ್ನು ಬರೆಯಿರಿ. ಎಲ್ಲಿ ಪೆನ್ನು ನಿಂತಿತೋ ಅಲ್ಲಿ ನಿಮ್ಮ ಓದು ಆರಂಭವಾಗಬೇಕು. ಜ್ಯಾಮಿತಿಯವರು ಆಕೃತಿಗಳನ್ನು ರಚಿಸಿ ಚಲಿಸಿ ನೋಡಬಹುದಾದ ಜಿಯೊಜಿಬ್ರಾ ತಂತ್ರಾಂಶವನ್ನು ಈ ಹೊತ್ತಿನಲ್ಲೇ ಕಲಿಯಬಹುದು; ಉಚಿತವಾಗಿ ಸಿಗುತ್ತದೆ, ಕನ್ನಡದ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳಲ್ಲಿ ಅದರ ಬಳಕೆಯ ಮಾದರಿಗಳೂ ಇವೆ.

ಸುತ್ತಲಿನ ಊರುಗಳು ಇಲ್ಲಿ ನೆರವಾಗುತ್ತವೆ. ವಿಜ್ಞಾನದವರು ಧಾರವಾಡದ ಪ್ರಾದೇಶಿಕ ವಿಜ್ಞಾನ ಕೇಂದ್ರಕ್ಕೆ ಮಕ್ಕಳ ಪ್ರವಾಸಕ್ಕಿಂತ ಮೊದಲು ತಾವೊಬ್ಬರೇ ನೋಟ್‌ಪುಸ್ತಕ ಹಿಡಿದು ಹೋಗಬೇಕು. ಯಾವ ಮಾದರಿಯ ಮುಂದೆ ಮಕ್ಕಳನ್ನು ನಿಲ್ಲಿಸಿ ಏನು ಕೇಳಬೇಕೆಂದು ಅಂದೇ ಬರೆದುಕೊಳ್ಳಬೇಕು. ಸಮಾಜ ವಿಜ್ಞಾನದವರಿಗೆ ಗದಗದ ಹತ್ತಿರವೇ ಲಕ್ಕುಂಡಿಯಿದೆ. ಅತ್ತಿಮಬ್ಬೆ ಕಟ್ಟಿಸಿದ ಅಲ್ಲಿನ ಬ್ರಹ್ಮ ಜಿನಾಲಯ 1007ರದು. ಶಾಸನವನ್ನು ಪಠ್ಯದ ಚಿತ್ರವಾಗಿ ನೋಡಿದ ಶಿಕ್ಷಕರು ಅದನ್ನು ಕಲ್ಲಿನ ಮೇಲೆ ಬೆರಳಿಟ್ಟು ಓದಲು ಪ್ರಯತ್ನಿಸಿದ ಮೇಲೆ ಆ ಪಾಠವನ್ನು ಮೊದಲಿನಂತೆ ಮಾಡಲಾರರು. ಹಾವೇರಿ ಜಿಲ್ಲೆಯವರಿಗೆ ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವೇ ಇದೆ.

ಬದಲಿಸಿದ ಪಾಠವನ್ನು ಮಾಡಿ ನೋಡುವುದು

ಜಪಾನಿನ ಶಿಕ್ಷಕರಲ್ಲಿ ‘ಜುಗ್ಯೋ ಕೆನ್‌ಕ್ಯೂ’ ಎಂಬ ಹಳೆಯ ರೂಢಿಯಿದೆ. ಕೆಲವರು ಸೇರಿ ಒಂದು ಪಾಠವನ್ನು ಯೋಜಿಸುತ್ತಾರೆ, ಒಬ್ಬರು ಅದನ್ನು ಮಾಡುತ್ತಾರೆ, ಉಳಿದವರು ಮಕ್ಕಳನ್ನು ಗಮನಿಸುತ್ತಾರೆ, ಬಳಿಕ ಎಲ್ಲರೂ ಕುಳಿತು ಪಾಠವನ್ನು ತಿದ್ದುತ್ತಾರೆ. ಕೆಲವೊಮ್ಮೆ ತಿದ್ದಿದ ಪಾಠವನ್ನು ಇನ್ನೊಬ್ಬರು ಬೇರೆ ತರಗತಿಯಲ್ಲಿ ಮಾಡುತ್ತಾರೆ. ನಮ್ಮ ಕ್ಲಸ್ಟರಿನ ಸಮಾಲೋಚನಾ ಸಭೆಗೆ ಇದು ಹೇಳಿ ಮಾಡಿಸಿದಂತಿದೆ. ಸಭೆಯ ಹೊತ್ತು ಸುತ್ತೋಲೆ ಓದುವುದರಲ್ಲೇ ಕಳೆಯುತ್ತದೆ ಎಂಬ ದೂರು ಎಲ್ಲ ಕಡೆಯೂ ಇದೆ. ಸಭೆ ನಡೆಸುವ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ, ಅಂದರೆ ಸಿಆರ್‌ಪಿಯವರನ್ನು ಕೇಳಿ ಕೊನೆಯ ಮುಕ್ಕಾಲು ಗಂಟೆಯನ್ನು ಪಾಠಕ್ಕೆ ಪಡೆಯಿರಿ. ಪ್ರೌಢಶಾಲೆಯವರು ಹತ್ತಿರದ ಮೂರು ಶಾಲೆಗಳ ಅದೇ ವಿಷಯದವರೊಂದಿಗೆ ಸೇರಿಕೊಳ್ಳಬಹುದು.

ನನ್ನ ಬದಲಿಸಿದ ಪಾಠ ಸರಳವಾಗಿತ್ತು. ಒಂದು ತಕ್ಕಡಿ, ಬ್ಯಾಡಗಿ ಮೆಣಸಿನಕಾಯಿಯ ಮೂರು ಚೀಲ: 0.7, 0.35 ಮತ್ತು 0.125 ಕಿಲೊ. ತೂಗುವ ಮೊದಲು ಪ್ರತಿಯೊಬ್ಬರೂ ದೊಡ್ಡದು ಯಾವುದೆಂದು ಬರೆದು ಮಡಚಿಡಬೇಕು. ನಂತರ 700, 350, 125 ಗ್ರಾಂ ಎಂದು ತಕ್ಕಡಿಯೇ ಹೇಳಬೇಕು. ಎರಡನೆಯ ದಿನ 0.4 ಮತ್ತು 0.83ರ ಚೀಲಗಳು ಬಂದವು. ಆ ದಿನ ಮೊದಲ ದಿನ ಗೆದ್ದವರು ತಬ್ಬಿಬ್ಬಾದರು. ಆ ಮೇಲಷ್ಟೇ ಕಪ್ಪು ಹಲಗೆಯ ಮೇಲೆ ಸ್ಥಾನಬೆಲೆಯ ಕೋಷ್ಟಕ ಬಂತು. ಇಡೀ ಘಟಕದಲ್ಲಿ ‘ಪಾಯಿಂಟ್ ಮೂವತ್ತೈದು’ ಎಂದರೆ ನನ್ನನ್ನು ತಡೆಯಬೇಕೆಂದು ಮಕ್ಕಳಿಗೇ ಹೇಳಿದ್ದೆ. ಅವರು ಆ ಕೆಲಸವನ್ನು ಅತ್ಯಂತ ಶ್ರದ್ಧೆಯಿಂದ ಮಾಡಿದರು.

ಫಲಿತಾಂಶ ನೋಡಲು ಪಾಠ ಮುಗಿದ ಮರುದಿನದ ಪರೀಕ್ಷೆ ಸಾಲದು. ಆರು ವಾರ ಬಿಟ್ಟು, ಬೇರೆ ಸಂಖ್ಯೆಗಳೊಂದಿಗೆ, ಎರಡೂ ತಪ್ಪು ನಿಯಮಗಳನ್ನು ಹಿಡಿಯುವ ಪ್ರಶ್ನೆಗಳನ್ನು ರೂಪಣಾತ್ಮಕ ಮೌಲ್ಯಮಾಪನದೊಳಗೇ ಸೇರಿಸಿರಿ. ಪ್ರತ್ಯೇಕ ಪರೀಕ್ಷೆಯ ಹೊರೆ ಬೇಡ. ಎರಡೂ ಬಾರಿ ಹಾಜರಿದ್ದ ಮಕ್ಕಳನ್ನು ಮಾತ್ರ ಹೋಲಿಸಿರಿ. ಹೆಸರುಕಾಯಿ ಬಿಡಿಸುವ ಹಂಗಾಮಿನಲ್ಲಿ, ಆಮೇಲೆ ಹತ್ತಿ ಬಿಡಿಸುವ ಹಂಗಾಮಿನಲ್ಲಿ ನಮ್ಮ ತರಗತಿಗಳು ಅರ್ಧಕ್ಕಿಳಿಯುವುದನ್ನು ಮರೆತು ಶೇಕಡಾವಾರು ಲೆಕ್ಕ ಹಾಕಿದರೆ, ಪಾಠದ ಫಲವೆಂದು ನಾವು ಬರೆಯುವುದು ಹೊಲದ ಕೆಲಸದ ಲೆಕ್ಕವಾಗಿರುತ್ತದೆ. ನನ್ನ ತರಗತಿಯಲ್ಲಿ ಬಿಂದುವಿನ ಮುಂದೆ ಉದ್ದವಿರುವುದೇ ದೊಡ್ಡದೆಂಬ ನಿಯಮ ಬಹುಮಟ್ಟಿಗೆ ಹೋಯಿತು. ಕಡಿಮೆ ಅಂಕಿಯದೇ ದೊಡ್ಡದೆಂಬ ನಿಯಮ ಕೆಲವರಲ್ಲಿ ಗಟ್ಟಿಯಾಗಿ ಉಳಿಯಿತು. ಮುಂದಿನ ವರ್ಷದ ಪ್ರಶ್ನೆ ಅದಾಯಿತು.

ಕಡತ

ದಪ್ಪ ಕಡತ ಬೇಡ. ಪ್ರಶ್ನೆ ಬರೆದ ಹಾಳೆ, ಮಕ್ಕಳ ತಪ್ಪು ಉತ್ತರಗಳ ನಾಲ್ಕಾರು ಮಾದರಿಗಳು (ಹೆಸರು ಅಳಿಸಿ), ಸಹೋದ್ಯೋಗಿಯ ವೀಕ್ಷಣಾ ಹಾಳೆ, ಬದಲಿಸಿದ ಪಾಠ ಯೋಜನೆ, ಆರು ವಾರಗಳ ನಂತರದ ಉತ್ತರಗಳು, ಗಂಟೆಗಳ ಲೆಕ್ಕ ಮತ್ತು ಪ್ರಮಾಣಪತ್ರಗಳು. ಅಧಿಕಾರಿಗಳು ಕೇಳಿದರೆ ಕೊನೆಯೆರಡನ್ನು ತೋರಿಸಿರಿ, ಸಹೋದ್ಯೋಗಿಗಳು ಕೇಳಿದರೆ ಉಳಿದವನ್ನು. ಏಪ್ರಿಲ್ ತಿಂಗಳಲ್ಲಿ, ರಜೆಗೆ ಮುನ್ನ, ಇದರ ಒಂದು ಪುಟದ ಟಿಪ್ಪಣಿಯನ್ನು ಮುಂದಿನ ವರ್ಷ ಆ ಮಕ್ಕಳಿಗೆ ಒಂಬತ್ತನೆಯ ತರಗತಿಯಲ್ಲಿ ಪಾಠ ಮಾಡುವವರಿಗೆ ಕೊಡಿರಿ. ವರ್ಗಾವಣೆಯ ಪಟ್ಟಿಯಲ್ಲಿ ನಿಮ್ಮ ಹೆಸರಿದ್ದರೆ ಇನ್ನೊಂದು ಪ್ರತಿಯನ್ನು ಶಾಲೆಯ ಕಪಾಟಿನಲ್ಲಿ, ಸೇತುಬಂಧದ ಕಟ್ಟಿನ ಮೇಲೆಯೇ ಇಡಿರಿ. ಜೂನ್ ತಿಂಗಳಲ್ಲಿ ಹೊಸಬರು ಮೊದಲು ಬಿಚ್ಚುವ ಕಟ್ಟು ಅದೇ.